ಫಲಕಕ್ಕೆ ಬೇಡವಾದ ಸಾಲು

"ಕಾಡಿನ ಮಕ್ಕಳಿಗೆ ಕಾಡೇ ಲ್ಯಾಬು ಅಲ್ವಾ ಅಕ್ಕಾ? ಅವರಿಗೆ ಮೆಷಿನು ಎಂತಕ್ಕೆ?"

ನಮ್ಮ ಕರಾವಳಿಯವರ ಸಂಘದ ಅಧ್ಯಕ್ಷರು ಈ ಮಾತನ್ನು ಹೇಳಿದ್ದು ಕುವೈತಿನ ಅಹ್ಮದಿಯಲ್ಲಿರುವ ನಮ್ಮ ಮನೆಯ ಸೋಫಾದಲ್ಲಿ ಕೂತು, ನಾನೇ ಕರಿದ ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದುತ್ತ. ಹೇಳಿ ನಕ್ಕರು. ಬಹಳ ಚೆಂದದ ಮಾತಾಡಿದೆ ಎಂಬ ಸಂತೋಷ ಅವರ ಮುಖದಲ್ಲಿತ್ತು. ಜೊತೆಗೆ ಬಂದಿದ್ದ ಅವರ ಹೆಂಡತಿಯೂ ಹೌದೌದು ಎಂದು ತಲೆಯಾಡಿಸಿದರು. ನನಗೆ ಮೈ ಉರಿದುಹೋಯಿತು. ಬಜೆಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಗಿಬಿಡೋಣ ಅನ್ನಿಸಿತು. ಮನೆಗೆ ಬಂದವರಿಗೆ ಹಾಗೆ ಮಾಡಲಾಗುವುದಿಲ್ಲ, ಇನ್ನೊಂದು ಸೌಟು ಚಟ್ನಿ ಬಡಿಸಿದೆ.

ನಾನು ಹೊಟ್ಟೆ ಹೊರೆಯುವುದೇ ಅಳೆಯುವ ಕೆಲಸದಿಂದ. ಎಣ್ಣೆ ಕಂಪನಿಗಳಿಗೆ ಗುತ್ತಿಗೆಯ ಮೇಲೆ ಗಾಳಿ, ನೀರು ಪರೀಕ್ಷೆ ಮಾಡಿಕೊಡುವ ಒಂದು ಪ್ರಯೋಗಾಲಯದಲ್ಲಿ ನಾನು ಕೆಮಿಸ್ಟು. ವಾರದಲ್ಲಿ ಕೆಲವು ದಿನ ಮೀನಾ ಅಬ್ದುಲ್ಲಾದ ಎಣ್ಣೆ ಶುದ್ಧೀಕರಣ ಘಟಕದ ಕಡೆ ಹೋಗಿ ಸ್ಯಾಂಪಲ್ ತರುತ್ತೇವೆ. ಅಲ್ಲಿ ಗೇಟು ದಾಟುವ ಪ್ರತಿಯೊಬ್ಬರ ಕಾಲರಿಗೂ ಒಂದು ಪುಟ್ಟ ಗ್ಯಾಸ್ ಡಿಟೆಕ್ಟರ್ ಸಿಕ್ಕಿಸಿರಲೇಬೇಕು. ಅದು ಕೂಗಿಕೊಂಡರೆ ದೊಡ್ಡ ಮ್ಯಾನೇಜರನೂ ಓಡಬೇಕು, ಪೈಪು ಉಜ್ಜುವವನೂ ಓಡಬೇಕು. ನಮ್ಮ ಸಂಘದ ಸದಸ್ಯರಲ್ಲಿ ಬಹಳಷ್ಟು ಜನ ಇಂಥ ಕಡೆ ಕೆಲಸ ಮಾಡುವವರು. ಉಳಿದವರಲ್ಲಿ ಅನೇಕರು ಜಾಬ್ರಿಯಾದ ಆಸ್ಪತ್ರೆಗಳಲ್ಲಿ ನರ್ಸು, ಲ್ಯಾಬ್ ಟೆಕ್ನಿಷಿಯನ್ನು. ಅಳತೆಯಿಲ್ಲದೆ ಒಂದು ದಿನವೂ ಸಾಗದ ಜನ. ಕಾಡಂಚಿನ ಹುಡುಗಿಯೊಬ್ಬಳು ನಾನೂ ಅಳೆಯುತ್ತೇನೆ ಅಂದಾಗ ಮಾತ್ರ ಇವರಿಗೆ ಜೇನು, ನಾರು, ಬೇರು ಎಲ್ಲ ಒಟ್ಟಿಗೆ ನೆನಪಾದವು.

ನಾನು ಇದಕ್ಕೆ ಸಿಕ್ಕಿಕೊಂಡದ್ದು ನನ್ನ ಹಳೆಯ ಸಹಪಾಠಿಯಿಂದ. ಎಂ.ಎಸ್ಸಿ.ಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವಳು ಈಗ ಕೊಡಗಿನ ದಕ್ಷಿಣದ ಕಾಡಂಚಿನಲ್ಲಿ ಒಂದು ಕಾಲೇಜಿನ ಪ್ರಿನ್ಸಿಪಾಲಳು. ಅಲ್ಲಿ ಓದುವವರಲ್ಲಿ ಹೆಚ್ಚಿನವರು ಹಾಡಿಗಳಿಂದ, ಎಂದರೆ ಆದಿವಾಸಿಗಳ ಕೇರಿಗಳಿಂದ ಬರುವ ಮಕ್ಕಳು. ಡಿಗ್ರಿ ಮುಗಿಸಿದ ಮೇಲೆ ಅವರು ಓದು ನಿಲ್ಲಿಸುತ್ತಾರೆ, ಯಾಕೆಂದರೆ ಮೈಸೂರಿನ ಹಾಸ್ಟೆಲಿಗೆ ಹೋದವರು ಆರು ತಿಂಗಳಲ್ಲಿ ಮುಖ ಬಾಡಿಸಿಕೊಂಡು ವಾಪಸು ಬರುತ್ತಾರೆ. ಹಾಗಾಗಿ ಅವಳು ಹಟ ಹಿಡಿದು, ಯಾರ‍್ಯಾರದೋ ಕಾಲು ಹಿಡಿದು, ಕಾಲೇಜಿನಲ್ಲೇ ಪರಿಸರ ವಿಜ್ಞಾನದ ಎಂ.ಎಸ್ಸಿ. ತಂದಳು. ಮುಂದೆ ಅದನ್ನೇ ಸಂಶೋಧನಾ ಕೇಂದ್ರ ಮಾಡಬೇಕೆಂಬ ಆಸೆ ಬೇರೆ. ದೂರದ ಅಮೆರಿಕದಲ್ಲಿ ಮೂಲನಿವಾಸಿಗಳು ತಮ್ಮ ಕಾಲೇಜು ತಾವೇ ಕಟ್ಟಿಕೊಂಡು, ತಮ್ಮ ನದಿಯ ಆರೋಗ್ಯ ತಾವೇ ನೋಡಿಕೊಳ್ಳುತ್ತಾರೆ, ನಮ್ಮ ಮಕ್ಕಳಿಗೇನು ಕಮ್ಮಿ ಎಂದು ನನಗೆ ಫೋನಿನಲ್ಲಿ ಗಂಟೆಗಟ್ಟಲೆ ಹೇಳುತ್ತಿದ್ದಳು. ಸರ್ಕಾರ ಕೋರ್ಸು ಕೊಟ್ಟಿತು, ಪಾಠ ಮಾಡುವವರನ್ನು ಕೊಡಲಿಲ್ಲ. ನೀರಿನ ಪರೀಕ್ಷೆಯ ಪಾಠ ನೀನು ಮಾಡು ಅಂದಳು.

ಇಲ್ಲಿ ಶುಕ್ರವಾರ ರಜೆ, ಅಲ್ಲಿ ಕಾಲೇಜಿನ ದಿನ. ಅದು ನಮಗೆ ಅನುಕೂಲವಾಯಿತು. ಶುಕ್ರವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ ಮಸೀದಿಯ ಮೈಕು ಶುರುವಾಗುವ ತನಕ ಪಾಠ. ಮೈಕು ಶುರುವಾದರೆ ಕೊಡಗಿನ ಮಕ್ಕಳು ತಾವೇ ಪೆನ್ನು ಮುಚ್ಚುತ್ತಿದ್ದರು. ಒಮ್ಮೆ ನೆಟ್‌ವರ್ಕ್ ಹೋಗಿ ನನ್ನ ಮುಖ ಕಾಣದಿದ್ದರೂ, ಬಾಂಗು ಕೇಳಿತು ಮೇಡಂ, ಹಾಗಾದರೆ ಕ್ಲಾಸ್ ಮುಗೀತು ಎಂದು ಎದ್ದುಹೋಗಿದ್ದರು.

ಅವರಲ್ಲಿ ಒಬ್ಬಳು ಯರವ ಬುಡಕಟ್ಟಿನ ಹುಡುಗಿ. ಅವಳ ಅಮ್ಮ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಾಳೆ. ಅವಳ ಹಾಡಿಯಿಂದ ಎಂ.ಎಸ್ಸಿ.ಗೆ ಬಂದವರಲ್ಲಿ ಇವಳೇ ಮೊದಲನೆಯವಳು. ಹೆಚ್ಚು ಮಾತಿಲ್ಲ. ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಲು ನಾಚಿಕೆಯೂ ಇಲ್ಲ. ಎರಡನೆಯ ವರ್ಷ ಪ್ರಾಜೆಕ್ಟಿಗೆ ವಿಷಯ ಆರಿಸಬೇಕಾದಾಗ ಅವಳು ಹಾಡಿಯ ಪಕ್ಕದ ಹೊಳೆಯನ್ನು ಆರಿಸಿಕೊಂಡಳು. ಕಾಫಿ ಕುಯ್ಲಿನ ಕಾಲದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗಳಿಂದ ನೀರು ಆ ಹೊಳೆಗೆ ಬರುತ್ತದೆ. ಬಂದ ದಿನದಿಂದ ಹೊಳೆ ನಾರುತ್ತದೆ, ಮಿಂದರೆ ಮಕ್ಕಳಿಗೆ ಮೈ ತುರಿಕೆ. ಅದು ಅಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಆದರೆ ಅಳೆದವರು ಯಾರೂ ಇರಲಿಲ್ಲ.

ನೀರಿನಲ್ಲಿ ಕರಗಿರುವ ಆಮ್ಲಜನಕ ನೋಡುವ ಹಳೆಯ ವಿಧಾನವೊಂದಿದೆ. ಗುಳ್ಳೆ ಸೇರದ ಹಾಗೆ ಬಾಟಲಿ ತುಂಬಿ, ಹೊಳೆಯ ದಡದಲ್ಲೇ ಎರಡು ದ್ರಾವಣ ಹಾಕಿ, ಮುಚ್ಚಳ ಬಿಗಿದು ತಿರುವಿ ಮುರುವಿ ಇಡಬೇಕು. ಆಮ್ಲಜನಕವಿದ್ದರೆ ತಳದಲ್ಲಿ ಕಂದು ಬಣ್ಣದ ಗಷ್ಟು ಕೂರುತ್ತದೆ. ಇಲ್ಲದಿದ್ದರೆ ಅದು ಬೆಳ್ಳಗೆ, ಅಕ್ಕಿ ತೊಳೆದ ನೀರಿನ ಹಾಗೆ ಇರುತ್ತದೆ. ಕುಯ್ಲು ಶುರುವಾದ ಮೇಲೆ ಅವಳ ಮೊದಲ ಬಾಟಲಿ ಬೆಳ್ಳಗೇ ಉಳಿಯಿತು. ದ್ರಾವಣ ಕೆಟ್ಟಿದೆಯೇನೋ ಎಂದು ಅನುಮಾನಪಟ್ಟು ಅವಳು ಪಲ್ಪರ್ ಮನೆಗಿಂತ ಮೇಲೆ ಹೋಗಿ ಅದೇ ದ್ರಾವಣದಲ್ಲಿ ನೋಡಿದಳು. ಅಲ್ಲಿ ಕಂದು ಬಂತು. ಮತ್ತೆ ಕೆಳಗೆ ಬಂದು ನೋಡಿದಳು, ಮತ್ತೆ ಬಿಳಿ. ಶುಕ್ರವಾರ ನನಗೆ ಎರಡೂ ಬಾಟಲಿ ತೋರಿಸಿದಾಗ ನಾನು ಹೇಳಿದೆ, ಇದು ಚೆನ್ನಾಗಿದೆ, ಆದರೆ ಒಂದು ಕುಯ್ಲಿನ ಅಳತೆಯನ್ನು ಯಾರೂ ನಂಬುವುದಿಲ್ಲ, ಆ ವರ್ಷ ಮಳೆ ಕಮ್ಮಿ, ಏನೋ ಆಕಸ್ಮಿಕ ಅಂತ ತಳ್ಳಿಹಾಕುತ್ತಾರೆ. ಮುಂದಿನ ಕುಯ್ಲಿನಲ್ಲೂ ಇದೇ ಜಾಗದಲ್ಲಿ ಅಳೆಯಬೇಕು. ಅವಳು ಅಷ್ಟರಲ್ಲಿ ಓದು ಮುಗಿಸಿರುತ್ತಾಳೆ. ಹಾಗಾಗಿ ಅವಳ ನಂತರದ ತಂಡದವರು ಅದನ್ನು ಮುಂದುವರಿಸಬೇಕು. ಅವಳು ಹೂಂ ಅಂದಳು.

ನಂತರದ ತಂಡ ಇರಬೇಕಾದರೆ ಕೋರ್ಸು ಉಳಿಯಬೇಕಿತ್ತು. ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬೇಸಿಗೆಯಲ್ಲಿ ಬರುವುದಿತ್ತು, ಸರಿಯಾದ ಪ್ರಯೋಗಾಲಯವಿಲ್ಲದಿದ್ದರೆ ಹೊಸಬರನ್ನು ಸೇರಿಸಿಕೊಳ್ಳುವ ಹಾಗಿಲ್ಲ ಎಂದು ಮೊದಲೇ ಹೇಳಿತ್ತು. ಅಲ್ಲಿ ಇದ್ದದ್ದು ಒಂದು ಕೋಣೆ, ಎರಡು ಮೇಜು, ಒಂದಿಷ್ಟು ಗಾಜಿನ ಸಾಮಾನು. ಮುಖ್ಯವಾಗಿ ಬೇಕಾಗಿದ್ದದ್ದು ಇನ್‌ಕ್ಯುಬೇಟರ್. ಬಾಟಲಿಗಳನ್ನು ಕೆಲವು ದಿನ ಒಂದೇ ಉಷ್ಣತೆಯಲ್ಲಿ ಇಡುವ, ಫ್ರಿಜ್ಜಿನಂಥ ಪೆಟ್ಟಿಗೆ ಅದು. ಜೊತೆಗೆ ಇನ್ನೊಂದೆರಡು ಉಪಕರಣ. ಇದಕ್ಕಾಗಿ ನಾನು ಸಂಘದ ಮುಂದೆ ಕೈಯೊಡ್ಡಿದೆ.

ಅಧ್ಯಕ್ಷರನ್ನು ಬೈಯುವುದು ಸುಲಭವಲ್ಲ. ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರು, ಕೈ ಧಾರಾಳ. ಇಲ್ಲಿ ನಮ್ಮವರು ಯಾರು ತೀರಿಕೊಂಡರೂ ದೇಹವನ್ನು ಊರಿಗೆ ಕಳಿಸುವ ಓಡಾಟದಲ್ಲಿ ಅವರೇ ಮುಂದೆ. ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಕೈಕೊಟ್ಟು, ವಾಸದ ಪರವಾನಗಿ ಇಕಾಮಾ ಮುಗಿದು, ಬೀದಿಗೆ ಬಿದ್ದ ಎಷ್ಟೋ ಹುಡುಗರಿಗೆ ತಮ್ಮ ಅಂಗಡಿಯ ಮೇಲಿನ ಕೋಣೆಯಲ್ಲಿ ಜಾಗ ಕೊಟ್ಟಿದ್ದಾರೆ. ನನ್ನ ಗಂಡನಿಗೆ ಎದೆನೋವು ಬಂದ ದಿನ ಆಸ್ಪತ್ರೆಯ ಬಾಗಿಲಲ್ಲಿ ನಮಗಿಂತ ಮೊದಲು ನಿಂತಿದ್ದವರು ಅವರು. ಇಂಥವರು ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಗೋಳಿಬಜೆಯ ದಿನ ಅವರು ಬಂದದ್ದು ಪ್ರಾಜೆಕ್ಟಿನ ವಿಷಯ ಬದಲಿಸಲು ಹೇಳುವುದಕ್ಕೆ. ಸುತ್ತಿ ಬಳಸಿ ಮಾತಾಡಿದರು. ನಮ್ಮವರು ತುಂಬ ಜನ ಇಲ್ಲಿ ದುಡಿದು ಘಟ್ಟದ ಮೇಲೆ ಕಾಫಿ ತೋಟ ಮಾಡಿದ್ದಾರೆ, ಪಲ್ಪರ್ ಗಿಲ್ಪರ್ ಅಂತ ಹೋದರೆ ಅವರಿಗೆ ಬೇಜಾರು, ಸಂಘದಲ್ಲಿ ಎರಡು ಪಂಗಡ ಆಗುವುದು ಬೇಡ. ಇಲ್ಲಿ ತನಕ ಹೇಳಿ ನನ್ನ ಮುಖ ನೋಡಿದರು.

"ಔಷಧಿ ಗಿಡದ ಮೇಲೆ ಮಾಡಿಸಿ ಅಕ್ಕಾ. ಅವರಿಗೆ ಅದೆಲ್ಲ ಗೊತ್ತುಂಟಲ್ಲ? ಚಂದದ ಪುಸ್ತಕ ಮಾಡಿ ನಾವೇ ಬಿಡುಗಡೆ ಮಾಡುವ. ಖಲಾಸ್."

ಹಾಡಿಯ ಹುಡುಗಿಗೆ ಔಷಧಿ ಗಿಡ ಗೊತ್ತಿರಲೇಬೇಕು ಎಂದು ಇವರಿಗೆ ಯಾರು ಹೇಳಿದರು? ಅವಳಿಗೆ ಜ್ವರ ಬಂದರೆ ಪೇಟೆಯ ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆ ತರುತ್ತಾಳೆ, ನನ್ನ ಹಾಗೇ. ಮೀನುಪೇಟೆಯ ಪಕ್ಕದಲ್ಲಿ ಹುಟ್ಟಿದ ನನ್ನನ್ನು ಮೀನಿನ ಮೇಲೇ ಪ್ರಾಜೆಕ್ಟು ಮಾಡು ಎಂದು ಯಾರೂ ಹೇಳಲಿಲ್ಲ. ಕಾಡಿನವರು ಕಾಡಿನ ಬಗ್ಗೆ, ಅದೂ ನಮಗೆ ಖುಷಿಯಾಗುವಷ್ಟು ಮಾತ್ರ ತಿಳಿದುಕೊಳ್ಳಬೇಕು. ನಮ್ಮ ತೋಟದ ನೀರಿನ ಬಗ್ಗೆ ತಿಳಿದುಕೊಂಡರೆ ಅದು ಮೂಗು ತೂರಿಸಿದ ಹಾಗೆ. ಇಷ್ಟನ್ನೂ ನಾನು ಅವರಿಗೆ ಹೇಳಿದೆ. ಅವರು ಬೇಸರಪಟ್ಟುಕೊಳ್ಳದೆ ಕೇಳಿಸಿಕೊಂಡರು. ಕಡೆಗೆ, ಆಯಿತು, ಫ್ಯಾಮಿಲಿ ಡೇ ದಿನ ಆ ಹುಡುಗಿಯನ್ನು ವಿಡಿಯೋದಲ್ಲಿ ಕರೆಸುವ, ಸದಸ್ಯರು ನೋಡಲಿ, ಮನಸ್ಸಾದರೆ ಕೊಡುತ್ತಾರೆ, ಆದರೆ ಪಲ್ಪರಿನ ಸುದ್ದಿ ಮಾತ್ರ ಎತ್ತುವುದು ಬೇಡ ಎಂದರು.

ಅದನ್ನು ನಾನು ಹುಡುಗಿಗೆ ಹಾಗೇ ತಿಳಿಸಿದೆ. ನಿರ್ಧಾರ ಅವಳದ್ದು, ನಾನು ಅದರಲ್ಲಿ ಕೈ ಹಾಕಲಿಲ್ಲ. ಆ ವಾರವೇ ತೋಟದ ಲೆಕ್ಕ ನೋಡುವ ರೈಟರು ಅವಳ ಅಮ್ಮನನ್ನು ನಿಲ್ಲಿಸಿ, ನಿನ್ನ ಮಗಳು ಹೊಳೆಯಲ್ಲಿ ಏನು ಹುಡುಕುತ್ತಿದ್ದಾಳೆ ಎಂದು ಕೇಳಿದ್ದನಂತೆ. ಅಮ್ಮ ಹೆದರಿದ್ದಳು. ಯೋಚನೆ ಮಾಡಿ ಹೇಳ್ತೀನಿ ಮೇಡಂ ಎಂದು ಹುಡುಗಿ ಫೋನ್ ಇಟ್ಟಳು.

ಕಾರ್ಯಕ್ರಮ ಚಳಿಗಾಲದ ಒಂದು ಶುಕ್ರವಾರ, ಬಾಡಿಗೆಗೆ ಹಿಡಿದ ಶಾಲೆಯೊಂದರ ಸಭಾಂಗಣದಲ್ಲಿ. ವೇದಿಕೆಯ ಹಿಂದಿನ ಬ್ಯಾನರ್ ನೋಡಿ ನಾನು ಬಾಗಿಲಲ್ಲೇ ನಿಂತುಬಿಟ್ಟೆ. 'ಆದಿವಾಸಿ ಮಕ್ಕಳೊಂದಿಗೆ ವಿಜ್ಞಾನ' ಎಂಬ ದೊಡ್ಡ ಅಕ್ಷರದ ಪಕ್ಕದಲ್ಲಿ ತಲೆಗೆ ಹದ್ದಿನ ಗರಿ ಕಟ್ಟಿಕೊಂಡು ಕುದುರೆಯ ಮೇಲೆ ಕೂತ ಒಬ್ಬ ಅಮೆರಿಕದ ಮೂಲನಿವಾಸಿ. ಕಮಿಟಿಯ ಸಭೆಯಲ್ಲಿ ನಾನು ಅಮೆರಿಕದ ಆ ಕಾಲೇಜುಗಳ ಉದಾಹರಣೆ ಕೊಟ್ಟಿದ್ದೆ. ಬ್ಯಾನರ್ ಮಾಡಿಸುವ ಜವಾಬ್ದಾರಿ ಹೊತ್ತವರು ಅದನ್ನು ನೆನಪಿಟ್ಟುಕೊಂಡು ಇಂಟರ್ನೆಟ್ಟಿನಲ್ಲಿ ಹುಡುಕಿ, ಸಿಕ್ಕಿದ ಮೊದಲ ಚಿತ್ರವನ್ನು ಹಾಕಿಸಿದ್ದರು. ಕಲರ್ ಒಳ್ಳೆಯದುಂಟು ಅಲ್ವಾ ಎಂದು ನನ್ನನ್ನೇ ಕೇಳಿದರು. ಆ ಗರಿಯವರ ಮಕ್ಕಳು ಇಂದು ಪ್ರಯೋಗಾಲಯದಲ್ಲಿ ಬಿಳಿ ಕೋಟು ಹಾಕಿಕೊಂಡು ತಮ್ಮ ನದಿಯ ಪಾದರಸ ಅಳೆಯುತ್ತಿದ್ದಾರೆ ಎಂದು ಹೇಳಹೊರಟೆ. ಅಷ್ಟರಲ್ಲಿ ಅವರು ಹೂವಿನ ಕುಂಡ ಸರಿಮಾಡಲು ಹೋಗಿಯಾಗಿತ್ತು.

ದೀಪ ಹಚ್ಚುವುದು, ಪ್ರಾರ್ಥನೆ, ಸ್ವಾಗತ, ಸ್ವಾಗತಿಸಿದವರಿಗೆ ಧನ್ಯವಾದ, ಪುಟಾಣಿಗಳ ನೃತ್ಯ. ನಮ್ಮವರ ಕಾರ್ಯಕ್ರಮ ಹೇಳಿದ ಹೊತ್ತಿಗೆ ಎಂದೂ ನಡೆದದ್ದಿಲ್ಲ. ಆ ಕಡೆ ಕಾಲೇಜಿನ ಕೋಣೆಯಲ್ಲಿ ಹುಡುಗಿ ಮತ್ತು ಪ್ರಿನ್ಸಿಪಾಲಳು ಪರದೆಯ ಮುಂದೆ ಕಾದು ಕೂತಿದ್ದರು. ಹಾಡಿಯ ಕಡೆಗೆ ಹೋಗುವ ಕೊನೆಯ ಬಸ್ಸು ಆನೆಗಳ ಭಯಕ್ಕೆ ಸಂಜೆಗೆ ಮೊದಲೇ ಹೊರಡುತ್ತದೆ, ದಯವಿಟ್ಟು ಬೇಗ ಎಂದು ನಾನು ಮೂರು ಜನರಿಗೆ ಹೇಳಿದ್ದೆ. ಮೂವರೂ ಖಂಡಿತ ಅಂದಿದ್ದರು.

ಕಡೆಗೂ ಅವಳ ಮುಖ ದೊಡ್ಡ ಪರದೆಯ ಮೇಲೆ ಬಂತು. ಅವಳು ಮೊದಲು ಕಂಡದ್ದು ಬ್ಯಾನರನ್ನು. ಇವರು ಯಾರು ಮೇಡಂ ಎಂದು ಪಕ್ಕದಲ್ಲಿದ್ದ ಪ್ರಿನ್ಸಿಪಾಲಳನ್ನು ಮೆಲ್ಲಗೆ ಕೇಳಿದ್ದು ಸಭೆಗೆಲ್ಲ ಕೇಳಿಸಿತು. ಜನ ನಕ್ಕರು. ನಿರೂಪಣೆ ಮಾಡುತ್ತಿದ್ದ ತರುಣ ಆ ನಗುವನ್ನೇ ಹಿಡಿದುಕೊಂಡ.

"ಮೊದಲು ನಿಮ್ಮ ಭಾಷೆಯಲ್ಲಿ ಒಂದು ಹಾಡು ಹೇಳಿ ತಂಗಿ. ಆಮೇಲೆ ಮಾತಾಡುವ."

ಅದೇ ಸಭೆಯಲ್ಲಿ ಸ್ವಲ್ಪ ಮೊದಲು ಹೃದಯದ ಕಾಯಿಲೆಯ ಬಗ್ಗೆ ಒಬ್ಬ ಡಾಕ್ಟರು ಮಾತಾಡಿ ಹೋಗಿದ್ದರು. ಅವರ ಹತ್ತಿರ ಯಾರೂ ಹಾಡು ಕೇಳಿರಲಿಲ್ಲ. ನಾನು ಕುರ್ಚಿಯಿಂದ ಎದ್ದೆ. ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಉತ್ತರ ಕೊಟ್ಟಳು. ಹಾಡು ಆಮೇಲೆ ಹೇಳ್ತೀನಿ ಸರ್, ಬಸ್ಸಿಗೆ ಹೊತ್ತಾಗುತ್ತೆ, ಮೊದಲು ಇದನ್ನ ತೋರಿಸಿಬಿಡ್ತೀನಿ ಎಂದು ಮೇಜಿನ ಕೆಳಗಿನಿಂದ ಎರಡು ಬಾಟಲಿ ತೆಗೆದು ಕ್ಯಾಮೆರಾದ ಮುಂದೆ ಹಿಡಿದಳು. ಆ ದಿನ ಬೆಳಿಗ್ಗೆ ಹೊಳೆಯ ದಡದಲ್ಲೇ ದ್ರಾವಣ ಹಾಕಿ ಮುಚ್ಚಿ ತಂದಿದ್ದಳು. ಒಂದರ ತಳದಲ್ಲಿ ಕಂದು, ಇನ್ನೊಂದರಲ್ಲಿ ಬಿಳಿ. ಎರಡು ಬಣ್ಣಕ್ಕೂ ಅರ್ಥವೇನೆಂದು ನಿಧಾನವಾಗಿ ವಿವರಿಸಿದಳು. ಆಮೇಲೆ ಹೇಳಿದಳು.

"ಕಂದು ಇರೋದು ಪಲ್ಪರ್ ಮನೆಗಿಂತ ಮೇಲುಗಡೆ ನೀರು. ಬೆಳ್ಳಗಿರೋದು ಕೆಳಗಡೇದು. ನಮ್ಮ ಹಾಡಿ ಇರೋದು ಕೆಳಗಡೆ."

ಅಲ್ಲಿ ಕೂತಿದ್ದವರಿಗೆ ಅರ್ಥವಾಗಲಿಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ದಿನವೂ ಬೆರಳಿಗೆ ಕ್ಲಿಪ್ಪು ಹಾಕಿ ನೋಡುವವರು ಅವರು. ಮುಂದಿನ ಸಾಲಿನಲ್ಲಿದ್ದ ಒಬ್ಬ ನರ್ಸು ಎದ್ದು, ಮಕ್ಕಳ ಚರ್ಮದ ತುರಿಕೆ ಯಾವ ತಿಂಗಳಲ್ಲಿ ಹೆಚ್ಚು ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಬರುವ ಮೊದಲೇ ನಿರೂಪಕ ಮೈಕಿನಲ್ಲಿ, ಬಿರಿಯಾನಿ ಬಂದಿದೆ, ಸಮಯದ ಅಭಾವವಿದೆ ಎಂದು ಘೋಷಿಸಿದ. ಅಧ್ಯಕ್ಷರು ವೇದಿಕೆಗೆ ಬಂದು, ಈ ಪ್ರತಿಭಾವಂತ ಹೆಣ್ಣುಮಗಳ ಪರವಾಗಿ ಅವಳ ಗುರುಗಳಿಗೆ ಸನ್ಮಾನ ಎಂದರು. ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ನನ್ನ ಹೆಗಲ ಮೇಲೆ ಶಾಲು, ತಲೆಯ ಮೇಲೆ ಪೇಟ, ಕೈಯಲ್ಲಿ ಹಣ್ಣಿನ ಬುಟ್ಟಿ. ಮೊಬೈಲುಗಳು ಎದ್ದುನಿಂತವು. ಪರದೆಯ ಮೇಲೆ ಹುಡುಗಿ ಇನ್ನೂ ಬಾಟಲಿ ಹಿಡಿದುಕೊಂಡೇ ಏನೋ ಹೇಳುತ್ತಿದ್ದಳು. ಅವಳ ದನಿಯನ್ನು ಯಾರೋ ನಿಲ್ಲಿಸಿದ್ದರು.

ನಾನು ಪೇಟ ತೆಗೆದು ಬುಟ್ಟಿಯ ಮೇಲಿಟ್ಟು, ಮೈಕು ಕಿತ್ತುಕೊಂಡು, ಅವಳು ಮಾತು ಮುಗಿಸದೆ ನಾನು ಇಳಿಯುವುದಿಲ್ಲ ಎಂದೆ. ದನಿ ವಾಪಸು ಬಂತು. ಅವಳು ಹೇಳುತ್ತಿದ್ದದ್ದು ಇಷ್ಟು: ಇದು ಒಂದೇ ವರ್ಷದ ಅಳತೆ, ಮುಂದಿನ ಕುಯ್ಲಲ್ಲೂ ಮಾಡಬೇಕು, ನಮ್ಮ ಕಾಲೇಜಲ್ಲಿ ಕ್ಲಾಸು ಉಳೀಬೇಕಾದರೆ ಲ್ಯಾಬ್ ಬೇಕು. ಕೈಮುಗಿದು ಅವಳು ಬಸ್ಸಿಗೆ ಓಡಿದಳು. ಜನ ಬಿರಿಯಾನಿಯ ಸಾಲಿಗೆ ಹೋದರು.

ಒಂದು ವಾರದ ಮೇಲೆ ಅಧ್ಯಕ್ಷರ ಫೋನ್ ಬಂತು. ಆ ಹುಡುಗಿಯ ಮಾತು ಕೇಳಿದಾಗಿನಿಂದ ತನಗೆ ಊಟ ರುಚಿಸಲಿಲ್ಲ, ಅಂಥ ನೀರಿನ ಪಕ್ಕದಲ್ಲಿ ಪಾಪ ಹೇಗೆ ಬದುಕುತ್ತಾರೋ, ಕಮಿಟಿಯಲ್ಲಿ ತೋಟ ಇದ್ದವರೂ ಸೇರಿ ಎಲ್ಲರೂ ಒಂದೇ ಮನಸ್ಸಿನಿಂದ ಒಪ್ಪಿದ್ದಾರೆ ಎಂದರು. ನನಗೆ ಕಣ್ಣು ತುಂಬಿತು. ಇಷ್ಟು ದಿನ ಇವರನ್ನು ಸುಮ್ಮನೆ ಬೈದೆನಲ್ಲ ಅಂದುಕೊಂಡೆ. ಆಮೇಲೆ ಅವರು ಹೇಳಿದರು, ಹಾಡಿಗೆ ಒಂದು ಶುದ್ಧ ಕುಡಿಯುವ ನೀರಿನ ಘಟಕ ಕೊಡುತ್ತೇವೆ. ಮತ್ತೆ ಲ್ಯಾಬು ಎಂದು ನಾನು ಕೇಳಿದೆ.

"ಲ್ಯಾಬು ಇನ್ನು ಎಂತಕ್ಕೆ ಅಕ್ಕಾ? ನೀರು ಸರಿಯಾಗ್ತದಲ್ಲ."

ನಾನು ಏನೇನು ಅಂದೆನೋ ನೆನಪಿಲ್ಲ. ಹೊಳೆ ಸತ್ತಿದೆ, ನೀವು ಅದರ ದಡದಲ್ಲಿ ನಲ್ಲಿ ಹಾಕುತ್ತಿದ್ದೀರಿ ಅಂದದ್ದು ನೆನಪಿದೆ. ಕಾಯಿಲೆ ಪತ್ತೆ ಮಾಡಿದವಳ ಕೈಯಿಂದ ಥರ್ಮಾಮೀಟರು ಕಿತ್ತುಕೊಂಡು ಅವಳಿಗೇ ಬಿಸಿನೀರು ಕೊಟ್ಟ ಹಾಗಾಯಿತು ಅಂದೆ. ಕೋಣೆಯಿಂದ ಮಗಳು ಇಣುಕಿ, "ಅಮ್ಮಾ, ಯು ಆರ್ ಶೌಟಿಂಗ್ ಅಟ್ ಅಂಕಲ್" ಎಂದಳು. ಹೌದು, ಕೂಗಾಡುತ್ತಿದ್ದೆ. ಅಂಕಲ್ ಎಂದಿನಂತೆ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದರು. ಆ ತಾಳ್ಮೆಯಿಂದಲೇ ನನಗೆ ಇನ್ನಷ್ಟು ರೇಗಿತು.

ಶುಕ್ರವಾರ ಹುಡುಗಿಗೆ ಹೇಳಿದಾಗ ಅವಳು ಸಿಟ್ಟಾಗಲಿಲ್ಲ. ಹಾಡಿಯಲ್ಲಿ ಕೇಳಿಕೊಂಡು ಬರ್ತೀನಿ ಎಂದಳು. ಮುಂದಿನ ವಾರ ಉತ್ತರ ತಂದಳು. ಕೊಡಲಿ, ಸಣ್ಣ ಮಕ್ಕಳು ಕುಡಿಯುತ್ತವೆ, ಬೇಡ ಅನ್ನುವಷ್ಟು ದೊಡ್ಡಸ್ತಿಕೆ ನಮಗಿಲ್ಲ ಎಂದು ಹಿರಿಯರು ಹೇಳಿದ್ದರು. ಆದರೆ ಘಟಕದ ಮೇಲೆ ದಾನಿಗಳ ಹೆಸರಿನ ಫಲಕ ಹಾಕುತ್ತಾರಲ್ಲ, ಅದರ ಕೆಳಗೆ ಒಂದು ಸಾಲು ಸೇರಿಸಬೇಕು ಎಂದು ಅವಳು ಕೇಳಿದಳು. ಸಾಲನ್ನು ಅವಳೇ ಮಾಡಿಕೊಂಡು ಬಂದಿದ್ದಳು: 'ಕಾಫಿ ಕುಯ್ಲಿನ ಕಾಲದಲ್ಲಿ ಈ ಹೊಳೆಯ ನೀರಿನಲ್ಲಿ ಆಮ್ಲಜನಕ ಉಳಿಯದ ಕಾರಣ ಈ ಘಟಕವನ್ನು ನೀಡಲಾಗಿದೆ.' ಯಾವ ತೋಟದ ಹೆಸರೂ ಇಲ್ಲ, ಯಾರ ಮೇಲೂ ದೂರಿಲ್ಲ. ಹೀಗೆ ಬರೆದಿದ್ದರೆ ಮುಂದೆ ಬರುವವರು ಯಾಕೆ ಎಂದು ಕೇಳುತ್ತಾರೆ ಮೇಡಂ, ಅಷ್ಟು ಸಾಕು ಅಂದಳು.

ನಮ್ಮ ಕರಾವಳಿಯವರಿಗೆ ಫಲಕ ಅಂದರೆ ಏನೆಂದು ಆ ಹುಡುಗಿಗೆ ಗೊತ್ತಿರಲಿಲ್ಲ. ಕೊಟ್ಟದ್ದರ ಮೇಲೆ ಹೆಸರಿರಬೇಕು. ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೆ, ಇಗರ್ಜಿಯ ಬೆಂಚಿನ ಬೆನ್ನಿನ ಮೇಲೆ, ಶಾಲೆಯ ಗಡಿಯಾರದ ಮುಖದ ಮೇಲೆ 'ಕೊಡುಗೆ' ಎಂದು ಬರೆಸಿ, ಕೆಳಗೆ ಕುವೈತ್ ಎಂದು ಸೇರಿಸದಿದ್ದರೆ ನಮಗೆ ಕೊಟ್ಟ ಹಾಗೇ ಆಗುವುದಿಲ್ಲ. ನಮ್ಮೂರಿನ ಭಜನಾ ಮಂದಿರದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಎ‍ಷ್ಟು ದಪ್ಪ ಅಕ್ಷರದಲ್ಲಿದೆ ಅಂದರೆ ಅದರ ಕೆಳಗೆ ಕೂತು ಪುಸ್ತಕ ಓದಲಾಗುವುದಿಲ್ಲ. ಸಂಘದಲ್ಲಿ ಫಲಕದ ಮೇಲೆ ಯಾರ ಹೆಸರು ಮೊದಲು ಎಂಬ ಚರ್ಚೆ ಅದಾಗಲೇ ಮುಗಿದು, ವಾಟ್ಸಾಪಿನಲ್ಲಿ ಅದರ ನಮೂನೆಯೂ ಬಂದಿತ್ತು. ಆ ನಮೂನೆಗೆ ನಾನು ಹುಡುಗಿಯ ಸಾಲನ್ನು ಸೇರಿಸಿ ಗುಂಪಿಗೆ ಕಳಿಸಿದೆ.

ಇಡೀ ದಿನ ಗುಂಪಿನಲ್ಲಿ ಯಾರೂ ಒಂದು ಗುಡ್ ಮಾರ್ನಿಂಗ್ ಕೂಡ ಹಾಕಲಿಲ್ಲ. ಸಂಜೆ ಅಧ್ಯಕ್ಷರು ಫೋನ್ ಮಾಡಿದರು. ಒಳ್ಳೆಯ ಕೆಲಸದ ಬೋರ್ಡಿನ ಮೇಲೆ ಕೆಟ್ಟ ಸುದ್ದಿ ಯಾರಾದರೂ ಬರೆಸುತ್ತಾರಾ ಎಂದು ಕೇಳಿದರು. ಬರೆದದ್ದು ಸುಳ್ಳಾ ಎಂದು ನಾನು ಕೇಳಿದೆ. ಸುಳ್ಳು ಅಂತ ನಾನು ಹೇಳಲಿಲ್ಲ ಅಕ್ಕಾ ಎಂದರು. ಫಲಕ ಹಾಕುವುದಾದರೆ ಈ ಸಾಲೂ ಇರಲಿ, ಸಾಲು ಬೇಡವಾದರೆ ಫಲಕವೇ ಬೇಡ, ನೀರು ಮಾತ್ರ ಸಾಕು ಎಂದು ಹಾಡಿಯವರು ಹೇಳಿದ್ದನ್ನೂ ತಿಳಿಸಿದೆ. ನಾಲ್ಕು ದಿನದ ಮೇಲೆ ಗುಂಪಿನಲ್ಲಿ ಪ್ರಕಟಣೆ ಬಂತು: ಫಲಾನುಭವಿಗಳ ಸಹಕಾರದ ಕೊರತೆಯಿಂದ ಯೋಜನೆಯನ್ನು ಮುಂದೂಡಲಾಗಿದೆ. ಅದರ ಕೆಳಗೆ ಜೋಡಿಸಿದ ಕೈಗಳು ಸಾಲುಸಾಲಾಗಿ ಬಂದವು. ಕುಡಿಯುವ ನೀರಿಗಾಗಿ ಊಟ ರುಚಿಸದೆ ಕೊರಗಿದ್ದವರು ಒಂದು ಸಾಲಿಗೆ ಹೆದರಿ ನೀರನ್ನೇ ವಾಪಸು ತೆಗೆದುಕೊಂಡರು.

ನಾನು ಸುಮ್ಮನೆ ಕೂರಲಿಲ್ಲ. ಸಭೆಯಲ್ಲಿ ಪ್ರಶ್ನೆ ಕೇಳಿದ್ದ ಆ ನರ್ಸು ಮತ್ತು ಅವರ ಆಸ್ಪತ್ರೆಯ ಕೆಲವು ಗೆಳತಿಯರು ಸೇರಿ ಗಾಜಿನ ಸಾಮಾನು, ದ್ರಾವಣಗಳನ್ನು ಕೊಡಿಸಿದರು. ಯಾವುದರ ಮೇಲೂ ಹೆಸರು ಬರೆಸಲಿಲ್ಲ. ಆದರೆ ಇನ್‌ಕ್ಯುಬೇಟರಿನ ತನಕ ನಮ್ಮ ಕೈ ಹೋಗಲಿಲ್ಲ. ಬೇಸಿಗೆಯಲ್ಲಿ ತಪಾಸಣಾ ಸಮಿತಿ ಬಂತು. ಕಾಲೇಜಿನವರು ಅಕ್ಕಿ ರೊಟ್ಟಿ, ಕೋಳಿ ಸಾರು ಮಾಡಿಸಿದ್ದರು. ಊಟ ಮುಗಿಸಿ ಸಮಿತಿಯವರು ಖಾಲಿ ಮೇಜುಗಳನ್ನು ನೋಡಿದರು, ಮಕ್ಕಳ ಉತ್ಸಾಹವನ್ನು ಹೊಗಳಿದರು. ಈ ವರ್ಷ ಹೊಸ ಪ್ರವೇಶ ಬೇಡ ಎಂದು ತೀರ್ಮಾನ ಹೇಳಿದರು. ಹೊರಡುವಾಗ ಅವರಲ್ಲೊಬ್ಬ ಪ್ರಾಧ್ಯಾಪಕರು, ಬೇಸರ ಮಾಡಿಕೊಳ್ಳಬೇಡಿ, ಇದರ ಬದಲು ನಾಟಿ ಔಷಧಿಯ ಸರ್ಟಿಫಿಕೇಟ್ ಕೋರ್ಸು ಶುರುಮಾಡಿ, ಇವರಿಗೆ ಅದು ಸಹಜವಾಗಿ ಬರುತ್ತದೆ ಎಂದು ಸಲಹೆ ಕೊಟ್ಟರಂತೆ. ಪ್ರಿನ್ಸಿಪಾಲಳು ಇದನ್ನು ಹೇಳುವಾಗ ಅಳುತ್ತಿದ್ದಳು. ನಾನು ಕುವೈತಿನ ಉರಿಬಿಸಿಲಿನಲ್ಲಿ ಕಾರು ನಿಲ್ಲಿಸಿಕೊಂಡು ಸ್ಟೇರಿಂಗಿಗೆ ಗುದ್ದುತ್ತಿದ್ದೆ.

ಆ ಶುಕ್ರವಾರದ ಪಾಠಕ್ಕೆ ಹುಡುಗಿಯೊಬ್ಬಳೇ ಬಂದಿದ್ದಳು. ಪ್ರಾಜೆಕ್ಟು ಬರೆದು ಮುಗಿಸಿದ್ದಳು, ಚೆನ್ನಾಗಿ ಬರೆದಿದ್ದಳು. ಪರೀಕ್ಷೆ ಮುಗಿದ ಮೇಲೆ ಮೈಸೂರಿನಲ್ಲಿ ಒಂದು ಕೆಲಸ ನೋಡಿಕೊಂಡಿದ್ದಾಳೆ, ಅಮ್ಮನನ್ನು ತೋಟದ ಕೆಲಸದಿಂದ ಬಿಡಿಸಬೇಕಾದರೆ ಅವಳು ಹೋಗಲೇಬೇಕು. ನಾನು ಸಮಿತಿಯನ್ನು, ಸಂಘವನ್ನು, ಸರ್ಕಾರವನ್ನು ಬಾಯಿಗೆ ಬಂದ ಹಾಗೆ ಬೈದೆ. ಅವಳು ನಾನು ಬೈದು ಮುಗಿಸುವ ತನಕ ಕಾದಳು.

"ಮುಂದಿನ ಕುಯ್ಲಲ್ಲಿ ಅಳೆಯೋದಕ್ಕೆ ಇಲ್ಲಿ ಯಾರು ಇರ್ತಾರೆ ಮೇಡಂ?"

ಗೊತ್ತಿಲ್ಲ ಅಂದೆ. ಅದು ಸುಳ್ಳು. ಯಾರೂ ಇರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಶಾಲು ಹೊದಿಸಿದವರು, ಕೋಳಿ ಸಾರು ಉಂಡು ಹೋದವರು, ಹೊಳೆಯಲ್ಲಿ ಏನು ಹುಡುಕುತ್ತಾಳೆ ಎಂದು ಕೇಳಿದ ರೈಟರು, ಇವರೆಲ್ಲ ಒಬ್ಬರನ್ನೊಬ್ಬರು ಒಂದು ಸಲವೂ ನೋಡಿದವರಲ್ಲ. ಆದರೂ ಯಾರೂ ಇರದ ಹಾಗೆ ಎಲ್ಲರೂ ಸೇರಿ ನೋಡಿಕೊಂಡಿದ್ದರು.